ನಾನು ಸೇದದ ಸಿಗಾರ್

ಹನ್ನೊಂದು ವರ್ಷದಿಂದ ನಾನೊಂದು ಸಿಗಾರ್ ಸೇದಿದ ಕತೆ ಹೇಳುತ್ತಾ ಬಂದಿದ್ದೇನೆ. ಹೇಗೆ ಹಚ್ಚಿದೆ, ಮೊದಲ ದಮ್ಮು ಹೇಗಿತ್ತು, ಬೂದಿ ಎಷ್ಟುದ್ದ ನಿಂತಿತ್ತು, ಎಲ್ಲಾ ವಿವರವಾಗಿ. ಕೇಳಿದವರು ತಲೆದೂಗಿದ್ದಾರೆ. ಇನ್ನೊಂದು ಸಲ ಹೇಳಿ ಅಂದವರೂ ಇದ್ದಾರೆ.

ಆ ಸಿಗಾರನ್ನು ನಾನು ಸೇದಿಯೇ ಇಲ್ಲ.

(ನನ್ನ ಸ್ಕೂಲಿನ ಹುಡುಗರು ಈ ಅಂಕಣ ಓದುತ್ತಾರೆ ಅಂತ ಗೊತ್ತು. ಓದಲಿ. ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರ ಯೋಗ್ಯತೆ ಅವರಿಗೂ ತಿಳಿಯಲಿ.)

ನನ್ನ ತಾಯಿಯ ಅಣ್ಣ ಕೆಂಪಣ್ಣ ಮಾವ ಕುಣಿಗಲ್‌ನಲ್ಲಿ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ. ಮೈ ಉಜ್ಜುವುದು, ಹುರುಳಿ ಬೇಯಿಸಿ ತಿನ್ನಿಸುವುದು, ಹೆಣ್ಣು ಕುದುರೆ ಮರಿ ಹಾಕುವಾಗ ಪಕ್ಕದಲ್ಲಿ ಕೂತು ಕತ್ತು ಸವರುವುದು, ಇದೇ ಅವನ ಜೀವನ. ಕುದುರೆಗಳ ಯಜಮಾನರೊಬ್ಬರು ಬೊಂಬಾಯಿಯಿಂದ ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದರು. ಮಧ್ಯಾಹ್ನದ ಊಟ ಮುಗಿಸಿ, ಹುಣಸೆ ಮರದ ಕೆಳಗೆ ಬೆತ್ತದ ಕುರ್ಚಿ ಹಾಕಿಸಿಕೊಂಡು, ಕುದುರೆಗಳನ್ನು ನೋಡುತ್ತಾ ಒಂದು ಸಿಗಾರ್ ಸೇದುವುದು ಅವರ ಪದ್ಧತಿ. ಆಗ ಕಡ್ಡಿಪೆಟ್ಟಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವನು ಮಾವ.

ಹಾಗೆ ನಿಂತೂ ನಿಂತೂ ಮಾವ ಸಿಗಾರಿನ ಪಂಡಿತನೇ ಆಗಿಬಿಟ್ಟ. ಬಾಯಿಗೆ ಇಟ್ಟಿದ್ದು ಮಾತ್ರ ಬೀಡಿ.

ಅವನ ಪಾಠ ನನಗೆ ಈಗಲೂ ಬಾಯಿಪಾಠ. ಮೊದಲು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸಬೇಕು. ಚರಪರ ಅಂದರೆ ಒಣಗಿ ಕೆಟ್ಟಿದೆ ಅಂತ ಅರ್ಥ. ಆಮೇಲೆ ಮೂಗಿನ ಕೆಲಸ. ಬಾಯಿಗಿಡುವ ತುದಿಯನ್ನು ಹೊಸ ಬ್ಲೇಡಿನಲ್ಲಿ ತೆಳ್ಳಗೆ ಕತ್ತರಿಸಬೇಕು. ಹಚ್ಚುವಾಗ ಬೆಂಕಿ ಎಲೆಗೆ ತಾಗಬಾರದು, ಹಪ್ಪಳ ಸುಡುವ ಹಾಗೆ ದೂರದಿಂದಲೇ ತಿರುಗಿಸಿ ತಿರುಗಿಸಿ ಕಾಯಿಸಬೇಕು. ಬೂದಿಯನ್ನು ಬೀಡಿಯ ಹಾಗೆ ಕೊಡವುವ ಹಾಗಿಲ್ಲ. ಒಳ್ಳೆಯ ಮಾಲಾದರೆ ಅದು ಅರ್ಧ ಬೆರಳುದ್ದ ತಾನೇ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯ, ಹೊಗೆಯನ್ನು ಎದೆಗೆ ಎಳೆಯಬಾರದು.

‘ಬಾಯಾಗ್ ಇಟ್ಕಂಡು ರುಚಿ ನೋಡಿ ಬುಟ್ಬುಡ್ಬೇಕು ಕಣ್ಲಾ’ ಎನ್ನುತ್ತಿದ್ದ ಮಾವ. ‘ಅದ್ರಾಗೂ ಮೂರು ಥರ ಐತೆ. ಸ್ಟ್ರಾಂಗು ಅಂದ್ರೆ ತಲೆ ಗಿರ್ ಅನ್ಸ್ತದೆ. ಲೈಟು ಅಂದ್ರೆ ಬರೀ ಹೊಗೆ. ಸಾಹೇಬ್ರುದು ಮೀಡಿಯಂ. ಮೊದ್ಲು ಹುರ್ದ ಕಡ್ಲೆಕಾಯಂತೆ. ನಡುವೆ ಕಾಫಿಪುಡಿ, ಕುದ್ರೆ ಬೆನ್ನಿಗ್ ಹಾಕೋ ಹೊಸ ಜೀನಿನ ಚರ್ಮದ್ ವಾಸ್ನೆ. ಕೊನೇಲಿ ನಾಲ್ಗೆ ಮ್ಯಾಲೆ ಮೆಣಸು. ಸಾಹೇಬ್ರೇ ಹೇಳವ್ರೆ.’

ಗಮನಿಸಿ. ‘ಕಡ್ಲೆಕಾಯಂತೆ.’ ಎಲ್ಲವೂ ಅಂತೆ. ಇಷ್ಟು ತಿಳಿದವನಿಗೆ ಅದರ ರುಚಿ ಮಾತ್ರ ತಿಳಿದಿರಲಿಲ್ಲ.

ಒಂದು ಸಲ ಸಾಹೇಬರ ಅಚ್ಚುಮೆಚ್ಚಿನ ಕುದುರೆಗೆ ಹೊಟ್ಟೆಶೂಲೆ ಬಂತು. ಡಾಕ್ಟರು ಕೈಚೆಲ್ಲಿದರಂತೆ. ಮಾವ ಅದನ್ನು ಮಲಗಲು ಬಿಡದೆ ಎರಡು ದಿನ ಹಗ್ಗ ಹಿಡಿದು ನಡೆಸಿದ. ಕುದುರೆ ಬದುಕಿತು. ಸಾಹೇಬರು ಜೇಬಿನಿಂದ ಒಂದು ಸಿಗಾರ್ ತೆಗೆದು ಅವನ ಕೈಯಲ್ಲಿಟ್ಟರು. ನಡುವೆ ಕೆಂಪು, ಬಂಗಾರದ ಬಣ್ಣದ ಕಾಗದದ ಉಂಗುರ, ಮೇಲೆ ಗಾಜಿನಂಥ ತೆಳು ಕವರು.

ಮಾವ ಅದನ್ನು ಸೇದಿದನೇ? ಇಲ್ಲ. ಆ ವಾರವೇ ನನಗೆ ಗುಬ್ಬಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ನಮ್ಮ ವಂಶದಲ್ಲಿ ಮೊದಲ ಸರ್ಕಾರಿ ಕೆಲಸ. ಮಾವ ಎರಡು ಬಸ್ಸು ಬದಲಿಸಿ, ಸಿಗಾರನ್ನು ಟವೆಲಿನಲ್ಲಿ ಸುತ್ತಿಕೊಂಡು ಗುಬ್ಬಿಗೆ ಬಂದ.

‘ತಗೋ ಮೇಷ್ಟ್ರೇ. ಮೊದ್ಲನೇ ಸಂಬ್ಳದ ದಿನ ಉಂಡು ಕೂತ್ಕಂಡು ಸೇದು.’

‘ಬ್ಯಾಡ ಮಾವ, ನೀನೇ ಸೇದು.’

‘ನನ್ ಬಾಯ್ಗೆ ಬೀಡಿ ಸಾಕು ಬುಡು. ನೀನು ಓದ್ದೋನು, ನಿಂಗೆ ರುಚಿ ತಿಳೀತದೆ. ಒಂದೇ ಮಾತು. ಸೇದಿ ಆದ್ಮ್ಯಾಕೆ ಬಂದು ಹೆಂಗಿತ್ತು ಅಂತ ನಂಗೆ ಹೇಳ್ಬೇಕು.’

ಅವನು ಕೇಳಿದ್ದು ಅಷ್ಟೇ.

ಸಂಬಳದ ದಿನ ಬಂತು. ಆದರೆ ನಾನಿದ್ದ ರೂಮಿನ ಓನರ್ ಪಕ್ಕದ ಜಗಲಿಯಲ್ಲೇ ಕೂತಿರುತ್ತಿದ್ದರು. ಹೊರಗೆ ಹೋಗಿ ಸೇದೋಣವೆಂದರೆ ಗುಬ್ಬಿಯಲ್ಲಿ ಎಲ್ಲಿ ನಿಂತರೂ ಒಬ್ಬನಾದರೂ ಶಿಷ್ಯ ಎದುರಾಗುತ್ತಾನೆ. ಇರಲಿ, ಮದುವೆಯ ದಿನ ಸೇದೋಣ ಎಂದುಕೊಂಡೆ. ಮದುವೆ ಹಾಗಲವಾಡಿಯಲ್ಲಾಯಿತು. ಹೆಣ್ಣು ಕೊಟ್ಟ ಮಾವನ ಎದುರು ಮದುಮಗ ಸಿಗಾರ್ ಹಚ್ಚುವುದುಂಟೇ? ಮಗಳು ಹುಟ್ಟಿದಳು. ಬಾಣಂತಿ ಮನೆಯಲ್ಲಿ ಹೊಗೆ ಬೇಡ. ತುಮಕೂರಿಗೆ ಟ್ರಾನ್ಸ್‌ಫರ್ ಆಯಿತು. ಇಷ್ಟಕ್ಕೆಲ್ಲಾ ಯಾಕೆ, ಇನ್ನೂ ದೊಡ್ಡ ದಿನ ಬರಲಿ.

ನೀವು ನಗಬೇಡಿ. ನಿಮ್ಮ ಮನೆಯ ಷೋಕೇಸಿನಲ್ಲಿ ಒಂದು ಟೀ ಸೆಟ್ ಇದೆಯಲ್ಲ, ನೀಲಿ ಹೂವಿನದು? ಅದರಲ್ಲಿ ಯಾರಾದರೂ ಒಂದು ದಿನ ಟೀ ಕುಡಿದಿದ್ದಾರಾ? ಟ್ರಾನ್ಸಿಸ್ಟರಿಗೆ ಚರ್ಮದ ಅಂಗಿ, ಅದರ ಮೇಲೆ ಬಟ್ಟೆಯ ಅಂಗಿ. ಟೀವಿ ತಂದವರು ಅದಕ್ಕೆ ಕಸೂತಿ ಹಾಕಿದ ಪರದೆ ಹೊದಿಸುತ್ತಾರೆ, ನ್ಯೂಸ್ ಓದುವವರಿಗೆ ಚಳಿಯಾಗುತ್ತದೆ ಅನ್ನುವ ಹಾಗೆ. ಹೊಸ ಜಮಖಾನ ನೆಂಟರಿಗೆ. ನೆಂಟರು ಬಂದರೆ, ಇವರಿಗೆ ಇಷ್ಟು ಸಾಕು ಅಂತ ಹಳೆಯದು. ನಾವು ವಸ್ತುಗಳನ್ನು ಬಳಸುವ ಜನ ಅಲ್ಲ ಸ್ವಾಮಿ, ಅವುಗಳ ವಾಚ್‌ಮನ್‌ಗಳು.

ನಾನೂ ಕಾವಲು ಕಾದೆ. ನನ್ನ ಹೆಂಡತಿ ಶಾರದಾ ಸಿಗಾರನ್ನು ಬೀರುವಿನಲ್ಲಿ, ತನ್ನ ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟಳು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಬೇರೆ ಇರಲಿಲ್ಲ. ಹುಳ ಹಿಡಿಯದಿರಲಿ ಅಂತ ಸುತ್ತ ನಾಲ್ಕು ನುಸಿಗುಳಿಗೆಯನ್ನೂ ಹಾಕಿದಳು. ನಾನು ಭೇಷ್ ಅಂದೆ.

ಇನ್ನು ಸುಳ್ಳಿನ ವಿಷಯ. ಮೊದಲ ಸಂಬಳದ ನಂತರ ಕುಣಿಗಲ್‌ಗೆ ಹೋದಾಗ, ಬಾಗಿಲಲ್ಲೇ ಮಾವ ಕೇಳಿದ. ‘ಸೇದ್ದೇನ್ಲಾ? ಹೆಂಗಿತ್ತು?’ ಆ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರಲಿಲ್ಲ.

‘ಚೆನ್ನಾಗಿತ್ತು ಮಾವ’ ಅಂದೆ.

ಅಷ್ಟಕ್ಕೆ ಬಿಡುವವನೇ? ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಬಿಡಿಸಿ ಕೇಳಿದ. ನಾನು ಅವನ ಪಾಠವನ್ನೇ ಅವನಿಗೆ ಒಪ್ಪಿಸಿದೆ. ಕಡಲೆಕಾಯಿ, ಕಾಫಿಪುಡಿ, ಜೀನು, ಮೆಣಸು. ‘ಅಂಗಾರೆ ಸಾಹೇಬ್ರು ಹೇಳಿದ್ದು ದಿಟ!’ ಎಂದು ತೊಡೆ ತಟ್ಟಿಕೊಂಡ. ಆಮೇಲೆ ಪ್ರತಿ ಸಲ ಹೋದಾಗಲೂ ಅಕ್ಕಪಕ್ಕದವರನ್ನು ಜಗಲಿಗೆ ಕರೆದು ಕೂರಿಸುತ್ತಿದ್ದ. ‘ಹೇಳ್ಲಾ ಇವ್ರಿಗೆ.’ ನಾನು ಹೇಳುತ್ತಿದ್ದೆ. ಮಾವ ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಇಟ್ಟುಕೊಂಡವನ ಹಾಗೆ ಕೇಳುತ್ತಿದ್ದ. ಅವನಿಗೆ ಖುಷಿ ಕೊಡುತ್ತಿದ್ದೇನೆ ಅಂತಲೇ ನಾನು ನಂಬಿಕೊಂಡಿದ್ದೆ. ಎಂಥ ಸೊಗಸಾದ ನೆಪ ನೋಡಿ.

ಹೋದ ತಿಂಗಳು ಮಾವನ ಗಂಟಲಲ್ಲಿ ಗಡ್ಡೆ ಅಂದರು. ತುಮಕೂರಿಗೆ ಕರೆತಂದು ತೋರಿಸಿದೆ. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು, ‘ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ’ ಅಂದರು. ಏನು ಕೊಡುವುದು? ಗಂಜಿಯೇ ಇಳಿಯುತ್ತಿರಲಿಲ್ಲ.

ಕಳೆದ ವಾರ ನೋಡಲು ಹೋದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ದನಿ ಪಿಸುಮಾತಿನಷ್ಟಾಗಿತ್ತು.

‘ಹೇಳ್ಲಾ.’

ಏನು ಅಂತ ಕೇಳಬೇಕಾಗಿರಲಿಲ್ಲ. ಶುರು ಮಾಡಿದೆ. ಆದರೆ ಆ ಕತ್ತು ನೋಡುತ್ತಾ ಹೇಳುವುದು ಕಷ್ಟವಾಯಿತು. ಬೇಗ ಮುಗಿಸೋಣ ಅನ್ನಿಸಿತು. ಹನ್ನೊಂದು ವರ್ಷ ತಪ್ಪದ ನಾಲಿಗೆ ಆವತ್ತು ತಪ್ಪಿತು.

‘ಕೊನೇ ದಮ್ಮು ಎದೆ ತುಂಬಾ ಎಳ್ಕೊಂಡೆ ಮಾವ’ ಅಂದೆ.

ಮಾವ ಕಣ್ಣು ತೆರೆದ.

‘ಎದೆಗ್ ಎಳ್ದಾ?’

ನಾನು ಅವನ ಹೊದಿಕೆ ಸರಿಮಾಡಲು ಹೋದೆ.

‘ಎದೆಗ್ ಎಳ್ದಿದ್ರೆ ಕೆಮ್ಮಿ ಕೆಮ್ಮಿ ಬೀಳ್ತಿದ್ದೆ. ಸೇದಿಲ್ಲ ನೀನು.’

ಹನ್ನೊಂದು ವರ್ಷದ ಕತೆ ಒಂದು ದಮ್ಮಿಗೆ ಹೋಯಿತು. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾವ ಮುಂದಕ್ಕೆ ಬಾಗಿ ನನ್ನ ಕೈ ಹಿಡಿದುಕೊಂಡ. ಮುಖದಲ್ಲಿ ಕೋಪವೇ ಇರಲಿಲ್ಲ, ಆಸೆ ಇತ್ತು.

‘ಅಂಗಾರೆ ಐತೇನ್ಲಾ ಇನ್ನೂ?’

‘ಐತೆ ಮಾವ. ಬೀರುನಾಗೆ ಭದ್ರವಾಗಿ ಇಟ್ಟಿದ್ದೀನಿ.’

‘ತತ್ತಾ. ಸೇದಕ್ಕಾಗಕಿಲ್ಲ. ಹಚ್ಚಿ ನೀನು ಸೇದು, ನಾನು ವಾಸ್ನೆ ನೋಡ್ತೀನಿ.’

ಮಧ್ಯಾಹ್ನದ ಬಸ್ಸಿಗೇ ತುಮಕೂರಿಗೆ ವಾಪಸ್ಸಾದೆ. ದಾರಿಯುದ್ದಕ್ಕೂ, ಸೇದದೇ ಇಟ್ಟಿದ್ದೇ ಒಳ್ಳೆಯದಾಯಿತು ಅಂತ ನನ್ನನ್ನು ನಾನೇ ಮೆಚ್ಚಿಕೊಂಡೆ ಅಂದರೆ ನಂಬುತ್ತೀರಾ? ಮೆಚ್ಚಿಕೊಂಡೆ.

ಶಾರದಾ ಸೀರೆಯ ಮಡಿಕೆ ಬಿಚ್ಚಿದಳು. ಕಾಗದದ ಉಂಗುರ ಹೊಸದರ ಹಾಗೇ ಹೊಳೆಯುತ್ತಿತ್ತು. ಎಲೆ ಮಾತ್ರ ಒಣಗಿ ಸೀಳಿಹೋಗಿತ್ತು. ಕವರಿನ ತಳದಲ್ಲಿ ಕಂದು ಬಣ್ಣದ ಪುಡಿ. ಮೂಗಿಗೆ ಹಿಡಿದೆ. ನುಸಿಗುಳಿಗೆ. ಬರೀ ನುಸಿಗುಳಿಗೆ.

‘ಇದನ್ನ ಹೆಂಗೆ ತಗೊಂಡ್ ಹೋಗ್ತೀರಿ?’ ಅಂದಳು.

ಬಸ್‌ಸ್ಟ್ಯಾಂಡಿನಿಂದ ಮಂಡಿಪೇಟೆವರೆಗೆ ಬೀಡಾ ಅಂಗಡಿಗಳನ್ನೆಲ್ಲಾ ಜಾಲಾಡಿದೆ. ‘ಸಿಗಾರಾ? ಸಿನಿಮಾದಾಗೆ ವಿಲನ್ ಸೇದ್ತಾನಲ್ಲ, ಅದಾ ಸಾರ್?’ ಅಂತ ಒಬ್ಬ ನಕ್ಕ. ಇನ್ನೊಬ್ಬ ಒಂದು ಕಟ್ಟು ಚುಟ್ಟಾ ಕೊಟ್ಟ. ಮನೆಗೆ ತಂದು, ಇದ್ದುದರಲ್ಲಿ ದಪ್ಪ ಚುಟ್ಟಾ ಆರಿಸಿ, ಸಿಗಾರಿನ ಉಂಗುರವನ್ನು ಅದಕ್ಕೆ ತೊಡಿಸಲು ಹೊರಟೆ. ಹೌದು, ಆ ಮಟ್ಟಕ್ಕೂ ಇಳಿದೆ. ಶಾರದಾ ನನ್ನ ಕೈ ಹಿಡಿದಳು.

‘ಬೇಡ ಕಣ್ರೀ. ಅವ್ರಿಗೆ ಗೊತ್ತಾಗುತ್ತೆ.’

ಮಾರನೆಯ ದಿನ ಬೆಳಿಗ್ಗೆ ಹಳೆಯದನ್ನೇ ತೆಗೆದುಕೊಂಡು ಹೋದೆ. ಮಾವ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಮಗ್ಗುಲಲ್ಲಿ ಕಡ್ಡಿಪೆಟ್ಟಿಗೆಯೂ ಹೊಸ ಬ್ಲೇಡೂ ಸಿದ್ಧವಾಗಿದ್ದವು.

ಸಿಗಾರನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಕವರು ತೆಗೆದ. ಕಿವಿಯ ಹತ್ತಿರ ಒಯ್ದು ಎರಡು ಬೆರಳಲ್ಲಿ ಹೊರಳಿಸಿದ.

ಚರಪರ ಸದ್ದು ನನಗೂ ಕೇಳಿಸಿತು.

ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಹೊಗೆಸೊಪ್ಪಿನ ವಾಸನೆ ಎಲ್ಲಾದರೂ ಒಂದು ಮೂಲೆಯಲ್ಲಿ ಉಳಿದಿರಬಹುದು ಅಂತ ಹುಡುಕುತ್ತಿದ್ದ. ಆ ತುದಿ, ಈ ತುದಿ, ನಡುವೆ. ನನಗೆ ನೋಡಲಾಗಲಿಲ್ಲ. ಮಡಿಲಲ್ಲಿ ಉದುರಿದ್ದ ಪುಡಿಯನ್ನು ಅಂಗೈಗೆ ಎತ್ತಿಕೊಂಡು ಅದನ್ನೂ ಮೂಸಿದ.

‘ಬೀರು ವಾಸ್ನೆ’ ಅಂದ.

‘ಹಾಳಾಗದಿರ್ಲಿ ಅಂತ ಇಟ್ಟಿದ್ದೆ ಮಾವ’ ಅಂದೆ. ಇಷ್ಟು ಮಾತ್ರ ನಿಜ ಹೇಳಿದ್ದೆ.

ಅವನು ಸಿಗಾರನ್ನು ಕವರಿಗೆ ಹಾಕಿ ನನ್ನ ಕೈಗೇ ವಾಪಸ್ ಕೊಟ್ಟ. ಕಡ್ಡಿಪೆಟ್ಟಿಗೆಯನ್ನು ದಿಂಬಿನ ಕೆಳಗೆ ತಳ್ಳಿದ. ಆಮೇಲೆ ಹೇಳಿದ ಮಾತಿನಲ್ಲಿ ಬೈಗುಳ ಇರಲಿಲ್ಲ, ಕೊಂಕೂ ಇರಲಿಲ್ಲ. ಸುಮ್ಮನೆ ನನಗೆ ಒಂದು ವಿಷಯ ತಿಳಿಸುವ ಹಾಗೆ ಹೇಳಿದ.

‘ಸೇದಿಲ್ಲ ಅಂತ ಆಗ್ಲೇ ಹೇಳಿದ್ರೆ, ನಾನೇ ಸೇದ್ತಿದ್ನಲ್ಲೋ.’

ಸಿಗಾರನ್ನು ಜೇಬಿಗಿಟ್ಟುಕೊಂಡು ಬಸ್ಸಿಗೆ ಹೊರಟೆ.

ಶುಕ್ರವಾರ ಮಾವ ಹೋದ.

ಮಣ್ಣು ಮುಗಿಸಿ ಬಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಅದೇ ಅಕ್ಕಪಕ್ಕದವರು. ಮಾವನ ಹೆಂಡತಿ, ಅತ್ತೆ, ಒಳಗಿನಿಂದ ಬಂದು ಬಾಗಿಲಿಗೆ ಒರಗಿ ಕೂತಳು. ಮಾವ ಅವಳಿಗೆ ಏನೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನನ್ನ ಮಾನವನ್ನು ಕಾಪಾಡಿಯೇ ಹೋಗಿದ್ದ.

‘ನಿಮ್ ಮಾವಂಗೆ ಆ ಸಿಗಾರ್ ಕತೆ ಅಂದ್ರೆ ಪ್ರಾಣ’ ಅಂದಳು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು. ‘ಒಂದ್ ಕಿತ ಹೇಳಪ್ಪ, ಅವ್ರ ಮನ್ಸಿಗೆ ಸಮಾಧಾನ ಆಗ್ಲಿ.’

ಎಲ್ಲರೂ ನನ್ನ ಕಡೆ ತಿರುಗಿದರು. ಸಿಗಾರ್ ನನ್ನ ಜೇಬಿನಲ್ಲೇ ಇತ್ತು, ನುಸಿಗುಳಿಗೆಯ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು.

ಹೇಳಿದೆ. ಈ ಸಲ ಎದೆಗೆ ಎಳೆಯಲಿಲ್ಲ.