ಬೀರಣ್ಣ ಕಾಯುತ್ತಿದ್ದ ಲಸಿಕೆ

ಬೀರಣ್ಣ ಫ್ರಿಜ್ಜಿಗೆ ಕಿವಿ ಹಚ್ಚಿ ನಿಂತನೆಂದರೆ ನಮ್ಮ ಆಸ್ಪತ್ರೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಒಳಗಿನ ಗುಂಯ್‌ಗುಡುವ ಸದ್ದು ಕೇಳುತ್ತಿದ್ದ. ಆಮೇಲೆ, "ಆರಾಮ ಅದಾಳ್ರೀ. ಹಿಂದ ಧೂಳು ತುಂಬೇದ, ಅದಕ್ಕ ತೇಕಾಕತ್ತಾಳ" ಎನ್ನುತ್ತಿದ್ದ. ಲಸಿಕೆಯ ಫ್ರಿಜ್ಜುಗಳೆಲ್ಲ ಅವನ ಪಾಲಿಗೆ ಹೆಣ್ಣುಮಕ್ಕಳು.

ರಾಯಚೂರಿನಿಂದ ಮಾನ್ವಿ, ದೇವದುರ್ಗದ ಆಸ್ಪತ್ರೆಗಳಿಗೆಲ್ಲ ತಿರುಗಿ ಆ ಫ್ರಿಜ್ಜುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ನಾನು ಮಾನ್ವಿ ತಾಲೂಕಿನ ಒಂದು ಆರೋಗ್ಯ ಕೇಂದ್ರದ ಸಿಸ್ಟರ್. ಬೀರಣ್ಣ ಯಾಪಲದಿನ್ನಿಯ ಕುರಿಗಾರರ ಮನೆತನದವನಾದ್ದರಿಂದ ಅವನ ದನಿ ಬಯಲಿನ ಆಚೆ ದಂಡೆಗೂ ಕೇಳುವಂಥದ್ದು. ಬೈಕ್ ನಿಲ್ಲಿಸುವ ಮೊದಲೇ ಮಾತು ಒಳಗೆ ಬಂದಿರುತ್ತಿತ್ತು: "ಅಕ್ಕಾರ, ಹೊಸಾ ಸುದ್ದಿ ಕೇಳೀರೇನು?" ಸುದ್ದಿ ಎಂದರೆ ಲಸಿಕೆಯದೇ. ಮೂಗಿಗೆ ಸಿಂಪಡಿಸುವುದು ಬಂತಂತೆ, ಸೂಜಿಯಿಲ್ಲದೆ ಚರ್ಮದೊಳಗೆ ಚಿಮ್ಮಿಸುವುದು ಬಂತಂತೆ. ಉಳಿದವರು ಕ್ರಿಕೆಟ್ಟಿನ ಸುದ್ದಿ ಹೇಳುವ ಉಮೇದಿನಲ್ಲಿ ಅವನು ಇದನ್ನು ಹೇಳುತ್ತಿದ್ದ.

ಒಂದು ಬೇಸಿಗೆ, ಹಿರೇಕೊಟ್ನೆಕಲ್ಲಿನಲ್ಲಿ ದಡಾರದ ಲಸಿಕೆ ಹಾಕುವ ಹಿಂದಿನ ದಿನ, ನಮ್ಮ ಫ್ರಿಜ್ಜಿನ ಕಂಪ್ರೆಸರ್ ಸುಟ್ಟುಹೋಯಿತು. ಫೋನು ಮಾಡಿದೆ. ಬೀರಣ್ಣ ದೇವದುರ್ಗದ ಕಡೆಯಿಂದ ಉರಿಬಿಸಿಲಲ್ಲಿ ಬಂದ. ನೋಡಿದವನೇ, "ಈಕಿ ಇವತ್ತ ಏಳೂದಿಲ್ಲ, ಪೆಟ್ಟಿಗಿ ತುಂಬ್ರಿ, ಮಾನ್ವಿ ಫ್ರಿಜ್ಜಿನಾಗ ಇಡೂಣು" ಎಂದ. ಬಾಟಲಿಗಳನ್ನು ಐಸ್ ಪೆಟ್ಟಿಗೆಗೆ ತುಂಬಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅವನ ಬೈಕ್ ಹಿಂದೆ ಕುಳಿತೆ. ಬೀರಣ್ಣ ತನ್ನ ತಲೆಯ ರುಮಾಲು ಬಿಚ್ಚಿ, ನೀರಲ್ಲಿ ಅದ್ದಿ, ಪೆಟ್ಟಿಗೆಯ ಮೇಲೆ ಹೊದಿಸಿದ. ಬರಿದಲೆಯಲ್ಲೇ ಮಾನ್ವಿಯ ದೊಡ್ಡ ಆಸ್ಪತ್ರೆಯವರೆಗೂ ಗಾಡಿ ಓಡಿಸಿದ.

ಲಸಿಕೆಯ ಬಾಟಲಿಯ ಮೇಲೊಂದು ಪುಟ್ಟ ಬಿಳಿ ಚೌಕವಿರುತ್ತದೆ. ಬಿಸಿ ತಾಗಿದಷ್ಟೂ ಅದು ಕಪ್ಪಾಗುತ್ತ ಹೋಗುತ್ತದೆ; ಪೂರ್ತಿ ಕಪ್ಪಾದರೆ ಲಸಿಕೆ ಕೆಟ್ಟಿತೆಂದೇ ಲೆಕ್ಕ. ಮಾನ್ವಿಯಲ್ಲಿ ಇಳಿದು ಪೆಟ್ಟಿಗೆ ತೆರೆದೆ. ಬೀರಣ್ಣ ಒಂದೊಂದೇ ಬಾಟಲಿ ಎತ್ತಿ ನೋಡಿದ.

"ಬೆಳ್ಳಗ ಅದ! ಎಲ್ಲಾ ಬೆಳ್ಳಗ ಅದಾವ್ರೀ ಅಕ್ಕಾರ!" ಎಂದು ಆಸ್ಪತ್ರೆಯ ಮಂದಿಯೆಲ್ಲ ತಿರುಗಿ ನೋಡುವಂತೆ ಕೂಗಿದ.

ಚಹಾ ಕುಡಿಯುವಾಗ ಮತ್ತೆ ಶುರು. "ಅಂಗೈಯಾಗ ಇಡುವಂಥಾ ಒಂದು ಪಟ್ಟಿ ಬರ್ತದ್ರೀ. ಗಾಯಕ್ಕ ಹಚ್ತಾರಲ್ಲ, ಹಂಗ. ತೋಳಿಗೆ ಒತ್ತಿದ್ರ ಸಾಕು, ಲಸಿಕಿ ಒಳಗ. ಆಫ್ರಿಕಾದಾಗ ಸಣ್ಣ ಕೂಸುಗಳಿಗೆ ಹಚ್ಚಿ ನೋಡಾಕತ್ತಾರ. ಬಿಸಿಲಿಗೂ ತಡಕೋತದಂತ! ಕಿಸೇದಾಗ ಇಟ್ಕೊಂಡು ಹೋಗೂದು."

"ಫ್ರಿಜ್ ಬ್ಯಾಡಾದ್ರ ನಿನ್ನ ನೌಕರಿ ಗತಿ ಏನು?" ಎಂದೆ.

"ಹೋಗಲಿ ಬಿಡ್ರಿ! ಹೋದ ದಿನ ನಾನ ಎಲ್ಲಾರಿಗೂ ಪೇಡೆ ಹಂಚ್ತೀನಿ."

ಮರುದಿನ ಹಿರೇಕೊಟ್ನೆಕಲ್ಲಿಗೆ ತಾನೂ ಬಂದ. ಕುರಿಗಾರರ ಮುದುಕಿಯೊಬ್ಬಳು ಮೊಮ್ಮಗನನ್ನು ಸೆರಗಲ್ಲಿ ಮುಚ್ಚಿಕೊಂಡು, "ರೋಗಾನ ಕೂಸಿನ ಒಳಗ ಹಾಕ್ತೀರಂತಲ್ಲ?" ಎಂದು ನನ್ನನ್ನು ಗದರಿದಳು. ಬೀರಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಯವ್ವಾ, ನಾಯಿಮರಿಗೆ ಸತ್ತ ತೋಳದ ತುಪ್ಪಳ ಮೂಸಿಸಿದ್ರ ಏನಾಗ್ತದ?"

"ವಾಸನಿ ಹಿಡಿದು ಇಟ್ಕೋತದ. ಮುಂದ ತೋಳ ಬಂದ್ರ ಬೊಗಳ್ತದ."

"ಇದೂ ಹಂಗ ಬೇ. ಹಲ್ಲು ಕಿತ್ತ ತೋಳ. ಈಗ ಹೊಸಾವು ಬರಾಕತ್ತಾವ, ಅದರಾಗ ತೋಳಾನೂ ಇಲ್ಲ, ತುಪ್ಪಳಾನೂ ಇಲ್ಲ. ತೋಳದ ಮಾರಿ ಹಿಂಗಿರ್ತದ ಅಂತ ಒಂದು ಚೀಟಿ ಒಳಗ ಕಳಸ್ತಾರ. ಮೈ ಓದಿ, ಗುರುತು ಇಟ್ಕೊಂಡು, ಚೀಟಿ ಹರಿದು ಒಗೀತದ."

"ಒಳಗ ಯಾರಿಗೆ ಓದಾಕ ಬರ್ತದಲೇ?"

"ಯವ್ವಾ, ಮೈಯಾಗಿನವರು ಎಲ್ಲಾರೂ ಸಾಲಿ ಕಲಿತವರ!"

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಸೆರಗು ಸರಿದಾಗ ಹುಡುಗನ ತೋಳು ಸಿಕ್ಕಿತು.

ನಿವೃತ್ತನಾದ ಮೇಲೆ ಬೀರಣ್ಣ ಬಾಗಲವಾಡದ ಮಗಳ ಮನೆಯಲ್ಲಿದ್ದ. ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ನಮ್ಮ ಕೇಂದ್ರಕ್ಕೂ ಬಂದಿದೆಯೆಂದು ತಿಳಿದ ಕೂಡಲೇ ಮೊಮ್ಮಗಳು ರೇಣುಕಾಳನ್ನು ಕರೆದುಕೊಂಡು ಬಂದ. ಅವಳ ಪಕ್ಕದಲ್ಲೇ ನಿಂತ. ನಾನು ಸೂಜಿ ಚುಚ್ಚಿ ಮುಗಿಸಿದ ಮೇಲೆ ಖಾಲಿ ಬಾಟಲಿಯನ್ನು ಕೇಳಿ ತೆಗೆದುಕೊಂಡ.

"ಇಷ್ಟಽ ಏನ್ರೀ?"

"ಇಷ್ಟಽ, ಬೀರಣ್ಣ."

"ನಮ್ಮಾಕಿ ಹೋಗಿದ್ದು ಇದೇ ರೋಗದಾಗ. ಆಗ ಇದು ಇದ್ದಿದ್ರ..." ಎಂದು ನಿಂತ. ಎಷ್ಟೋ ವರ್ಷ ಜೊತೆಗೆ ಕೆಲಸ ಮಾಡಿದರೂ ಹೆಂಡತಿ ಹೇಗೆ ತೀರಿಕೊಂಡಳೆಂದು ಅವನು ಹೇಳಿದ್ದು ಅದೇ ಮೊದಲು. ಅಷ್ಟರಲ್ಲಿ ರೇಣುಕಾ ತೋಳು ಒತ್ತಿಕೊಳ್ಳುತ್ತ, "ಆತೇನಜ್ಜಾ? ನೋವಾಗಲೇ ಇಲ್ಲ" ಎಂದಳು. ಬೀರಣ್ಣನ ಮುಖ ಅರಳಿತು. ಬಾಗಿಲಿಗೆ ಹೋಗಿ ಹೊರಗೆ ಕುಳಿತವರಿಗೆಲ್ಲ, "ನಮ್ಮ ಹುಡುಗಿಗೆ ಆತ್ರೆಪಾ! ಇನ್ನ ಆ ರೋಗ ಈಕಿ ಕಡೆ ಸುಳಿಯೂದಿಲ್ಲ!" ಎಂದು ಕೂಗಿ ಹೇಳಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಟಂಟಂ ಗಾಡಿಯೊಂದು ಅಂಗಳಕ್ಕೆ ಬಂದು ನಿಂತಿತು. ಅದರ ತುಂಬ ಬಾಗಲವಾಡದ ಹುಡುಗಿಯರು. ಮೊದಲು ಇಳಿದವಳು ರೇಣುಕಾ.

"ಅಜ್ಜ ಎಲ್ಲಿ?" ಎಂದೆ.

"ಅಜ್ಜ ತೀರಿಕೊಂಡ್ರೀ, ಎದಿನೋವು ಬಂದು." ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಗಾಡಿಯ ಕಡೆ ಕೈ ತೋರಿಸಿದಳು. "ಅಜ್ಜನ ಇವರ ಮನಿಮನಿಗೂ ಹೋಗಿ, ಎಲ್ಲಾರನ್ನೂ ಲಸಿಕಿಗೆ ಒಪ್ಪಿಸಿದ್ದ್ರೀ. ಕರಕೊಂಡು ಬರೂದೊಂದು ಉಳಿದಿತ್ತು."

ಹುಡುಗಿಯರು ಆಗಲೇ ಅಂಗಿಯ ತೋಳು ಮಡಚಿಕೊಂಡು, ನಾ ಮೊದಲು, ನಾ ಮೊದಲು ಎಂದು ಬಾಗಿಲಲ್ಲಿ ನೂಕಾಡುತ್ತಿದ್ದರು.