ಅಕ್ಕ ಬಿಡಿಸಿದ ಗಂಟು

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನನ್ನ ತಲೆ ಕಂಡರೆ ಬಾಚಣಿಗೆಯೇ ಹೆದರುತ್ತಿತ್ತು. ಅಷ್ಟು ದಟ್ಟ, ಅಷ್ಟು ಗುಂಗುರು. ಹಲ್ಲು ಮುರಿದ ಬಾಚಣಿಗೆಗಳು ನಮ್ಮ ಮನೆಯ ಗೂಡಿನಲ್ಲಿ ಯಾವಾಗಲೂ ಬಿದ್ದಿರುತ್ತಿದ್ದವು. ಈಗ ನಿಮ್ಮಲ್ಲಿ ಒಬ್ಬಳ ತಲೆ ಥೇಟ್ ಹಾಗೇ ಇದೆ. ಯಾರೆಂದು ಹೇಳಬೇಕಿಲ್ಲ. ನಿನ್ನೆ ಸಂಜೆ ದೊಡ್ಡಜ್ಜಿ ಬಾಚಣಿಗೆ ಹಿಡಿದು ಕರೆದಾಗ ‘ನೋಯುತ್ತೆ, ಬೇಡ’ ಎಂದು ಮಹಡಿಗೆ ಓಡಿದಳಲ್ಲ, ಅವಳೇ. ದೊಡ್ಡಜ್ಜಿ ಎಂದರೆ ನನ್ನ ಅಕ್ಕ. ನೀನು ಓಡಿದ ಮೇಲೂ ಅವಳು ಬಾಚಣಿಗೆ ಹಿಡಿದುಕೊಂಡು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ನೋಡಿ ನನಗೆ ಸಿಟ್ಟು ಬಂತು. ಸಿಟ್ಟು ನಿಮ್ಮ ಮೇಲಿನದಲ್ಲ, ಅದು ಹಳೆಯದು. ಅದು ಯಾರ ಮೇಲೆ, ಯಾಕೆ ಎಂದು ಹೇಳುತ್ತೇನೆ, ಕೇಳಿ.

ನಮ್ಮದು ತೆಲಿಗಿ ಕಡೆಯ ಒಂದು ಹಳ್ಳಿ. ಅಪ್ಪ ಊರಿನ ಎಣ್ಣೆಗಾಣದಲ್ಲಿ ದುಡಿಯುತ್ತಿದ್ದ. ಸಂಜೆ ಅವನು ಮನೆಗೆ ಬಂದರೆ ಕುಸುಬೆ ಎಣ್ಣೆಯ ವಾಸನೆ, ಹಿಂಡಿಯ ವಾಸನೆ ಅವನಿಗಿಂತ ಮೊದಲು ಒಳಗೆ ಬರುತ್ತಿತ್ತು. ಅವ್ವ ಬೆಳಗಾದರೆ ಹೊಲದ ಕೂಲಿಗೆ ಹೋಗುತ್ತಿದ್ದಳು. ಹಾಗಾಗಿ ನನ್ನ ತಲೆ ಅಕ್ಕನ ಪಾಲಿಗೆ ಬಂದಿತ್ತು. ಅಕ್ಕ ಆಗ ಏಳನೇ ಇಯತ್ತೆ. ಅದು ಮುಗಿದ ಮೇಲೆ ಬಸ್ಸಿನಲ್ಲಿ ಹರಪನಹಳ್ಳಿಯ ಹೈಸ್ಕೂಲಿಗೆ ಹೋಗಬೇಕೆಂದು ಅವಳಿಗೆ ಬಹಳ ಆಸೆ. ಕಿಟಕಿ ಪಕ್ಕದ ಸೀಟಿನಲ್ಲೇ ಕೂರುವುದೆಂದು ಆಗಲೇ ತೀರ್ಮಾನ ಮಾಡಿಕೊಂಡಿದ್ದಳು.

ಭಾನುವಾರ ತಲೆಗೆ ಎರೆಯುವ ದಿನ. ಹಿತ್ತಲಲ್ಲಿ ಹಂಡೆ ಕಾಯುತ್ತಿತ್ತು, ಜಾಲಿ ಕಟ್ಟಿಗೆಯ ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ಊರಿನವರು ಸೀಗೆಕಾಯಿ ಪುಡಿ ಹಾಕಿಕೊಳ್ಳುತ್ತಿದ್ದರು, ಅದಿಲ್ಲದವರು ಹೊಲದ ಎರೆಮಣ್ಣು ನೆನೆಸಿ ತಿಕ್ಕಿಕೊಳ್ಳುತ್ತಿದ್ದರು. ನಮ್ಮ ಬಾವಿಯದು ಸವಳು ನೀರು. ಆ ನೀರು, ಆ ಮಣ್ಣು ನನ್ನ ತಲೆಗೆ ಬಿದ್ದರೆ ಕೂದಲು ತೆಂಗಿನ ಕತ್ತದ ಹಾಗೆ ನಿಲ್ಲುತ್ತಿತ್ತು. ಒಮ್ಮೆ ಅವ್ವ ಬಟ್ಟೆ ಸಾಬೂನು ತಿಕ್ಕಿ ನೋಡಿದಳು. ಅದರ ಕಥೆ ಕೇಳಲೇಬೇಡಿ, ಎರಡು ದಿನ ನಾನು ತಲೆಗೆ ವಸ್ತ್ರ ಕಟ್ಟಿಕೊಂಡು ತಿರುಗಿದೆ.

ಅಕ್ಕ ಮಾತ್ರ ಸೋಲಲಿಲ್ಲ. ಈ ತಲೆಗೆ ಏನು ಒಗ್ಗುತ್ತದೆ ಎಂದು ಒಂದೊಂದನ್ನೇ ಹಚ್ಚಿ ನೋಡಿದಳು. ಅಂಟುವಾಳದ ನೊರೆ ಚೆಂದ, ಆದರೆ ಕೂದಲು ಒಣಗಿತು. ಹರಳೆಣ್ಣೆ ಅಂಟಂಟು. ದಾಸವಾಳದ ಎಲೆ ಕಿವುಚಿದ ಲೋಳೆ ಒಳ್ಳೆಯದು, ಆದರೆ ಆ ಗಿಡ ಇದ್ದದ್ದು ಗೌಡರ ಹಿತ್ತಲಲ್ಲಿ. ಒಂದು ದಿನ ಅವ್ವ ಚಟ್ನಿಗೆಂದು ತೆಗೆದಿಟ್ಟ ಅಗಸೆ ಬೀಜದ ಮೇಲೆ ನೀರು ಚೆಲ್ಲಿತು. ಬೀಜ ಲೋಳೆಲೋಳೆಯಾಯಿತು. ಅವ್ವ ಬೈಯುತ್ತಿದ್ದಳು, ಅಕ್ಕ ಅದನ್ನೆತ್ತಿ ಕುದಿಸಿ, ಸೋಸಿ ನನ್ನ ತಲೆಗೆ ಹಚ್ಚಿಯೇಬಿಟ್ಟಳು. ಅವತ್ತು ನನ್ನ ಗುಂಗುರುಗಳು ಒಂದೊಂದೂ ಬೇರೆಬೇರೆಯಾಗಿ ಹೊಳೆದವು. ಬಾಚುವುದನ್ನೂ ಅವಳು ಕಲಿತುಕೊಂಡಿದ್ದಳು. ಕೂದಲು ಒದ್ದೆಯಿರುವಾಗಲೇ, ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ.

ನನಗೆ ಎಂಟು ವರ್ಷವಾದಾಗ ಮೈಮೇಲೆ ಗುಳ್ಳೆ ಎದ್ದವು. ನೀವು ಚಿಕನ್‌ಪಾಕ್ಸ್ ಎನ್ನುತ್ತೀರಿ. ನಮ್ಮಲ್ಲಿ ‘ಅಮ್ಮ ಬಂದಾಳ’ ಎನ್ನುತ್ತಿದ್ದರು. ದೇವಿಯೇ ಮೈಮೇಲೆ ಬಂದಿದ್ದಾಳೆ ಎಂದು ಅದರ ಅರ್ಥ. ಅಮ್ಮ ಇರುವಷ್ಟು ದಿನ ತಲೆಗೆ ನೀರಿಲ್ಲ, ಎಣ್ಣೆಯಿಲ್ಲ, ಬಾಚಣಿಗೆಯಿಲ್ಲ. ಬೇವಿನ ಸೊಪ್ಪಿನ ಮೇಲೆ ಬಿದ್ದುಕೊಂಡು ನಾನು ಆ ಕಡೆ ಈ ಕಡೆ ಹೊರಳಿದೆ. ಎಣ್ಣೆಗಾಣದವನ ಮಗಳ ತಲೆ ಒಣಹುಲ್ಲಿನಂತಾಯಿತು. ಗುಳ್ಳೆ ಮಾಗಿ, ತಲೆಗೆ ಎರೆಯುವ ದಿನ ಬಂದಾಗ ಹಿಂದಲೆಯಲ್ಲಿ ನನ್ನ ಮುಷ್ಟಿಗಿಂತ ದೊಡ್ಡ ಗಂಟು ಕೂತಿತ್ತು. ಒಳಗೆ ಬೇವಿನ ಎಲೆ ಕೂಡ ಸಿಕ್ಕಿಕೊಂಡಿದ್ದವು.

ಅವ್ವ ನೀರು ಹೊಯ್ಯಲು ತಂಬಿಗೆ ಎತ್ತಿದ್ದಳು. ಅಷ್ಟರಲ್ಲಿ ಎದುರು ಮನೆಯ ಮುದುಕಿ ಬಂದು ನನ್ನ ತಲೆ ಹಿಡಿದು ತಿರುಗಿಸಿ ನೋಡಿದಳು. ಆಕೆಯ ಮಾತೆಂದರೆ ಓಣಿಗೆಲ್ಲ ಕಟ್ಟಪ್ಪಣೆ.

‘ಯವ್ವಾ, ತಡಿ! ಇದು ಗಂಟಲ್ಲಬೇ, ಜಡಿ. ಅಮ್ಮ ಹೋಗುವಾಗ ಗುರ್ತು ಬಿಟ್ಟು ಹೋಗ್ಯಾಳ. ನಿನ್ನ ಮಗಳನ್ನ ಕೇಳಾಕತ್ಯಾಳ’ ಅಂದಳು.

ಅವ್ವನ ಕೈಯಿಂದ ತಂಬಿಗೆ ಬಿತ್ತು. ಮುದುಕಿ ಗಂಟಿಗೆ ಅರಿಸಿನ ಕುಂಕುಮ ಹಚ್ಚಿದಳು. ಆಮೇಲೆ ಅವ್ವ ನನಗೆ ಕೈ ಮುಗಿದಳು. ನನ್ನ ಮೂಗು ಒರೆಸುತ್ತಿದ್ದ, ಬೆನ್ನಿಗೆ ಗುದ್ದುತ್ತಿದ್ದ ನನ್ನ ಅವ್ವ, ನನ್ನ ಮುಂದೆ ಕಣ್ಣು ಮುಚ್ಚಿ ಕೈ ಮುಗಿದಳು. ಅದಕ್ಕಿಂತ ಹೆದರಿಕೆಯ ಗಳಿಗೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಸಂಜೆ ಅಪ್ಪ ಬಂದ. ಬರುವ ಹುಣ್ಣಿಮೆಗೆ ನನ್ನನ್ನು ದೇವಿಯ ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸುವುದೆಂದು ದೊಡ್ಡವರು ಮಾತಾಡಿಕೊಂಡರು. ಮುತ್ತು ಎಂದರೆ ಕೊರಳಿಗೆ ಕಟ್ಟುವ ಕೆಂಪು, ಬಿಳಿ ಮಣಿಗಳ ಸರ. ಅದನ್ನು ಕಟ್ಟಿಸಿಕೊಂಡವಳು ದೇವಿಯವಳು. ಅವಳಿಗೆ ಶಾಲೆಯಿಲ್ಲ, ಮದುವೆಯಿಲ್ಲ. ಮಂಗಳವಾರ, ಶುಕ್ರವಾರ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡಬೇಕು. ಅದರಾಚೆಗೂ ಅವಳಿಗೆ ಕಾದಿರುತ್ತಿದ್ದ ಕಷ್ಟಗಳು ಬೇರೆ, ಅವನ್ನು ಹೇಳಲು ನನಗೇ ನಾಲಿಗೆ ಏಳುವುದಿಲ್ಲ.

ಹುಣ್ಣಿಮೆಗೆ ಇನ್ನೂ ಕೆಲವು ದಿನವಿತ್ತು. ಶೇಂಗಾ ಕೀಳುವ ಕಾಲ. ಒಂದು ಬೆಳಿಗ್ಗೆ ಅವ್ವ, ಎದುರು ಮನೆಯ ಮುದುಕಿ, ಓಣಿಯ ಹೆಂಗಸರು ಎಲ್ಲ ಹೊಲಕ್ಕೆ ಹೋದರು, ಅಪ್ಪ ಗಾಣಕ್ಕೆ ಹೋದ. ನನ್ನನ್ನು ನೋಡಿಕೊಳ್ಳಲು ಅಕ್ಕ ಶಾಲೆ ತಪ್ಪಿಸಿ ಮನೆಯಲ್ಲಿ ಉಳಿದಿದ್ದಳು. ಎಲ್ಲರೂ ಓಣಿ ತಿರುಗಿ ಮರೆಯಾಗುವ ತನಕ ಕಾದು ಅವಳು ಬಾಗಿಲು ಹಾಕಿದಳು. ದೃಷ್ಟಿಯಾಗದಿರಲಿ ಎಂದು ತಲೆಬಾಗಿಲಿಗೆ ಬುಡಮೇಲಾಗಿ ಕಟ್ಟಿದ್ದ ಲೋಳೆಸರವನ್ನು ಒಳಗಿನಿಂದ ಜಗ್ಗಿ ಕಿತ್ತಳು. ಅಪ್ಪನ ಎಣ್ಣೆ ಗಿಂಡಿ ತಂದಳು. ಗೋಣಿ ಹೊಲಿಯುವ ದಬ್ಬಣ ತಂದಳು. ಕತ್ತರಿ ಪಕ್ಕದಲ್ಲೇ ನೇತಾಡುತ್ತಿತ್ತು, ಅದನ್ನು ಮುಟ್ಟಲಿಲ್ಲ.

‘ಕತ್ತರಿ ಹಚ್ಚಿದ್ರ ಪಾಪ ಅಂತಾರ. ನಾ ಕತ್ತರಸಾಂಗಿಲ್ಲ, ಬಿಡಸ್ತೀನಿ. ಗಂಟಾಗಿದ್ರ ಬಿಡತೈತಿ. ದೇವಿ ಕೊಟ್ಟಿದ್ದಾದ್ರ ಬಿಡಾಂಗಿಲ್ಲ. ಬಿಡ್ತು ಅಂದ್ರ ಎಲ್ಲರಿಗೂ ಗೊತ್ತಾಗತೈತಿ, ಹೌದಲ್ಲ? ನೀ ಅಳಬ್ಯಾಡ ಲೇ’ ಅಂದಳು.

ನಾನು ಅತ್ತೆ. ಬಹಳ ಅತ್ತೆ. ಹಿತ್ತಲ ಬೇವಿನ ಮರದ ನೆರಳು ಮುಂಜಾನೆ ಒಂದು ಕಡೆ ಇದ್ದದ್ದು ಇನ್ನೊಂದು ಕಡೆಗೆ ಸರಿಯಿತು, ನಾವೂ ಅದರ ಜೊತೆ ಸರಿದೆವು. ಅಕ್ಕ ಲೋಳೆಸರ ಸೀಳಿ ತಿರುಳು ತಿಕ್ಕಿದಳು, ಎಣ್ಣೆ ಸುರಿದಳು. ಎಣ್ಣೆ ಕಿವಿಯ ಹಿಂದೆ ಇಳಿದು ಬೆನ್ನು ತುಂಬಿತು. ದಬ್ಬಣದ ಮೊನೆಯಿಂದ ಗಂಟಿನ ಅಂಚಿನಲ್ಲಿ ಒಂದು ಎಳೆ ಬಿಡಿಸುತ್ತಿದ್ದಳು, ಅದನ್ನು ಬೆರಳಲ್ಲಿ ಹಿಡಿದು ಇನ್ನೊಂದಕ್ಕೆ ಹೋಗುತ್ತಿದ್ದಳು. ಬೇವಿನ ಎಲೆ ಸಿಕ್ಕಿದರೆ ನನ್ನ ಅಂಗೈಗೆ ಕೊಡುತ್ತಿದ್ದಳು, ‘ತಗೋ, ಇದು ದೇವಿ ಬರೆದ ಕಾಗದ ನೋಡು’ ಎಂದು ನಗಿಸುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಊಟ ಮಾಡಲಿಲ್ಲ. ಅವಳ ಬೆರಳ ತುದಿ ಕೆಂಪಗೆ ಉಬ್ಬಿದ್ದವು.

ಹೊತ್ತು ಇಳಿಯುವಷ್ಟರಲ್ಲಿ ಗಂಟು ಬಿಟ್ಟಿತು. ಅಕ್ಕ ಬಿಸಿನೀರು ಹೊಯ್ದು, ಅಗಸೆಯ ಲೋಳೆ ಹಚ್ಚಿ, ತುದಿಯಿಂದ ಬುಡದ ತನಕ ಬಾಚಿದಳು. ಬಾಚಣಿಗೆ ಎಲ್ಲೂ ನಿಲ್ಲಲಿಲ್ಲ. ನನ್ನ ತಲೆ ಹಗುರಾಗಿ ಗಾಳಿಗೆ ತಣ್ಣಗಾಯಿತು. ನಾನು ಹಿತ್ತಲ ತುಂಬ ಕುಣಿದೆ. ಅಕ್ಕ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡಿ ನಗುತ್ತಿದ್ದಳು. ಅವಳು ಅಷ್ಟು ಸುಖವಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅವ್ವ ಹೊಲದಿಂದ ಬಂದಳು. ಕೈಯ ಮಣ್ಣು ಕೂಡ ತೊಳೆಯದೆ ನನ್ನ ಕೂದಲಲ್ಲಿ ಬೆರಳಾಡಿಸಿದಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ, ಅದು ಅರಳಿತ್ತು. ಆದರೆ ಮುದುಕಿ ಹಿಂದೆಯೇ ಬಂದಿದ್ದಳು.

ಅಕ್ಕ ಹೆದರದೆ ಹೇಳಿದಳು: ‘ಕತ್ತರಿ ಮುಟ್ಟಿಸಿಲ್ಲಬೇ. ಬರೇ ಗಂಟಿತ್ತು, ಬಿಡ್ತು. ಬೇಕಾದ್ರ ನೀವ ಬಾಚಿ ನೋಡ್ರಿ.’

ಮುದುಕಿ ಬಾಚಣಿಗೆ ಮುಟ್ಟಲಿಲ್ಲ. ‘ಬಿಡಿಸಿದ ಕೈ ಸುಮ್ನ ಹೊಕ್ಕತೇನು? ಆ ತಲಿ ಬಿಟ್ಟ ಅಮ್ಮ ಈ ತಲಿಗೆ ಬರ್ತಾಳ’ ಎಂದು ಅಕ್ಕನ ಕಡೆ ಕೈ ಮಾಡಿ ತೋರಿಸಿ ಹೊರಟುಹೋದಳು.

ಆ ವಾರದಲ್ಲೇ ಗಾಣದ ಎತ್ತು ಕಾಲು ಮುರಿದುಕೊಂಡು ಬಿತ್ತು. ಮುದಿ ಎತ್ತು, ಎಂದಾದರೂ ಬೀಳುವಂಥದ್ದೇ. ಆದರೆ ಊರಿನ ಕಣ್ಣೆಲ್ಲ ಅಕ್ಕನ ಮೇಲೆ ಬಿತ್ತು. ಗಾಣದ ಧಣಿ ಅಪ್ಪನನ್ನು ಕರೆದು, ಮನೆಯ ಮೈಲಿಗೆ ಮೊದಲು ಕಳೆದುಕೋ, ಆಮೇಲೆ ಕೆಲಸಕ್ಕೆ ಬಾ ಎಂದ. ಅಪ್ಪ ಮನೆಗೆ ಬಂದು ಗೂಡಿನಲ್ಲಿದ್ದ ಬಾಚಣಿಗೆಗಳನ್ನೆಲ್ಲ ಬಳಿದು ಅಟ್ಟದ ಮೇಲೆ ಎಸೆದ.

‘ಇನ್ನ ಮ್ಯಾಲೆ ಅಕಿ ತಲಿಗೆ ಯಾರೂ ಬಾಚಣಿಗಿ ಹಚ್ಚಬ್ಯಾಡ್ರಿ’ ಅಂದ. ಅಕ್ಕನ ಮುಖ ಮಾತ್ರ ನೋಡಲಿಲ್ಲ.

ಮಕ್ಕಳೇ, ಅಕ್ಕನದು ನನ್ನಂಥ ಗುಂಗುರು ಅಲ್ಲ. ನೀರು ಹರಿದ ಹಾಗೆ ನೆಟ್ಟಗಿನ ಕೂದಲು. ಅದು ಸುಲಭಕ್ಕೆ ಗಂಟಾಗಲಿಲ್ಲ. ಅವರು ಕಾದರು. ಎಣ್ಣೆಯಿಲ್ಲದೆ, ನೀರಿಲ್ಲದೆ, ಧೂಳು ಹಿಡಿಸಿ, ದೇವಿಯ ಭಂಡಾರದ ಅರಿಸಿನ ಹಚ್ಚಿ ಹಚ್ಚಿ ಕಾದರು. ಬಾಚದ ತಲೆ ಗಂಟಾಗದೆ ಇನ್ನೇನಾಗುತ್ತದೆ? ಅಷ್ಟು ತಿಳಿಯುವುದಕ್ಕೆ ಶಾಲೆ ಕಲಿಯಬೇಕಿಲ್ಲ. ಆದರೂ ಮೊದಲ ಗಂಟು ಕಂಡ ದಿನ ಮುದುಕಿ ‘ನಾ ಹೇಳಲಿಲ್ಲೇನು’ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ನಾನು ಹಿತ್ತಲಲ್ಲಿ ಅಕ್ಕನ ತಲೆಗೆ ಕೈ ಹಾಕಿ ಬಿಡಿಸಲು ಹೋದೆ. ಅವಳು ನನ್ನ ಕೈ ಹಿಡಿದು ಕೆಳಗಿಟ್ಟಳು.

‘ಬ್ಯಾಡ ತಂಗಿ. ಮತ್ತ ನಿನ್ನ ಮ್ಯಾಲೆ ಬಂದೀತು.’

ಅವಳೂ ನಂಬಿಬಿಟ್ಟಿದ್ದಳೋ, ನನ್ನನ್ನು ಉಳಿಸಲು ಹಾಗೆ ಅಂದಳೋ, ನಾನು ಇವತ್ತಿಗೂ ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಅಕ್ಕನ ಕೊರಳಿಗೆ ಮುತ್ತು ಬಿತ್ತು. ಹರಪನಹಳ್ಳಿಯ ಹೈಸ್ಕೂಲಿಗೆ ನಾನು ಹೋದೆ. ಎರಡು ಜಡೆ ಹಾಕಿ, ಕೆಂಪು ರಿಬ್ಬನ್ ಕಟ್ಟಿಕೊಂಡು, ಬಸ್ಸಿನ ಕಿಟಕಿ ಪಕ್ಕ ಕೂತರೆ ಮಂಗಳವಾರ, ಶುಕ್ರವಾರ ಅಕ್ಕ ಬುಟ್ಟಿ ಹಿಡಿದು ಓಣಿಯ ಬಾಯಲ್ಲಿ ಕಾಣುತ್ತಿದ್ದಳು. ಜನ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಅದೇ ಜನ ತಮ್ಮ ಮನೆಯ ಮದುವೆಗೆ ಅವಳನ್ನು ಜೋಳ ಕೇರಲು ಕರೆಯುತ್ತಿದ್ದರು, ಪಂಕ್ತಿಗೆ ಕರೆಯುತ್ತಿರಲಿಲ್ಲ. ಅಪ್ಪ ಸಾಯುವ ತನಕ ನಾನು ಅವನೊಡನೆ ಈ ಮಾತು ಎತ್ತಲಿಲ್ಲ. ಅವನನ್ನು ಕ್ಷಮಿಸಲೂ ಇಲ್ಲ. ದೇವಿ ನಮ್ಮನ್ನು ಏನೂ ಕೇಳಿರಲಿಲ್ಲ, ಕೇಳಿದ್ದು ಜನ, ಕೊಟ್ಟವನು ಅಪ್ಪ.

ಎಷ್ಟೋ ವರ್ಷಗಳ ಮೇಲೆ ಇಂಥದ್ದನ್ನು ತಡೆಯುವ ಕಾನೂನು ಬಂತು. ಅದರ ನಂತರ ಮಹಿಳಾ ಸಂಘದ ಹೆಂಗಸರು ನಮ್ಮೂರಿಗೂ ಬಂದರು. ಅವರು ಅಕ್ಕನ ಜೊತೆ ದಿನಗಟ್ಟಲೆ ಕೂತು ಮಾತಾಡಿ, ಅವಳು ಹ್ಞೂಂ ಅಂದ ಮೇಲೆ ಕತ್ತರಿ ಹಿಡಿದರು. ಅದು ಬಿಡಿಸುವ ಗಂಟಾಗಿ ಉಳಿದಿರಲಿಲ್ಲ. ಕತ್ತರಿಸಿದ ಜಡೆಯನ್ನು ನಾನೇ ಎತ್ತಿಕೊಂಡೆ, ಒದ್ದೆ ಹಗ್ಗದ ಕಂತೆಯಷ್ಟು ಭಾರವಿತ್ತು. ಇಷ್ಟನ್ನು ಹೊತ್ತುಕೊಂಡೇ ಅವಳ ಕತ್ತು ಒಂದು ಕಡೆ ವಾಲಿದ್ದು. ದೊಡ್ಡಜ್ಜಿ ಯಾಕೆ ಹಾಗೆ ತಲೆ ವಾಲಿಸಿ ನೋಡುತ್ತಾಳೆ ಎಂದು ನೀವು ಅಣಕಿಸುತ್ತಿದ್ದಿರಲ್ಲ, ಅದು ಇದಕ್ಕೆ. ಆಮೇಲೆ ಅವಳನ್ನು ನಾನು ನಮ್ಮ ಮನೆಗೆ ಕರೆತಂದೆ.

ಈಗ ನಿಮ್ಮ ಬಚ್ಚಲಿನ ಗೂಡು ನೋಡಿದರೆ ನನಗೆ ಅಂಗಡಿಗೆ ಬಂದ ಹಾಗಾಗುತ್ತದೆ. ಗುಂಗುರು ಕೂದಲಿಗೇ ಒಂದು ಶಾಂಪೂ, ಅದರ ಮೇಲೆ ಹಚ್ಚುವುದಕ್ಕೆ ಇನ್ನೊಂದು, ಒಣಗಿದ ಮೇಲೆ ಮತ್ತೊಂದು. ಒಂದು ಡಬ್ಬಿಯ ಮೇಲೆ ಅಗಸೆಯ ಚಿತ್ರವಿತ್ತು. ಅದನ್ನು ದೊಡ್ಡಜ್ಜಿಗೆ ತೋರಿಸಿದೆ. ಮುಚ್ಚಳ ತೆಗೆದು, ಬೆರಳಲ್ಲಿ ಮುಟ್ಟಿ, ‘ಲೋಳಿ ಭಾಳ ತೆಳ್ಳಗೈತಿ’ ಅಂದು ಇಟ್ಟಳು. ಯಾವುದು ಒಗ್ಗುತ್ತದೆ, ಯಾವುದು ಬೇಡ ಎಂದು ನೀವು ಆರಿಸುತ್ತೀರಿ. ಆರಿಸಿರಿ, ನನಗೆ ಸಂತೋಷ. ನಿಮ್ಮ ತಲೆಯಲ್ಲಿ ಗಂಟು ಬಿದ್ದರೆ ಅದು ಬರೀ ಗಂಟು. ಅದನ್ನು ಕಂಡು ನಿಮ್ಮ ಅಮ್ಮ ನಿಮಗೆ ಕೈ ಮುಗಿಯುವುದಿಲ್ಲ, ನಿಮ್ಮನ್ನು ಯಾರೂ ಶಾಲೆ ಬಿಡಿಸುವುದಿಲ್ಲ.

ಅಕ್ಕನ ತಲೆಯಲ್ಲಿ ಈಗ ಬಾಚುವಷ್ಟು ಕೂದಲಿಲ್ಲ. ಕತ್ತರಿಸಿದ ಮೇಲೆ ಬಂದದ್ದು ತೆಳ್ಳಗೆ, ಅಲ್ಲಲ್ಲಿ. ಬಾಚಲು ಅವಳಿಗೆ ಇರುವುದು ನಿನ್ನ ತಲೆಯೊಂದೇ. ಇವತ್ತು ಸಂಜೆ ಅವಳು ಕರೆದರೆ ಹೋಗಿ ಮುಂದೆ ಕೂತುಕೋ. ನೋವಾದರೆ ನೋವಾಯಿತೆಂದು ಹೇಳು, ಅವಳು ಕೈ ನಿಧಾನ ಮಾಡುತ್ತಾಳೆ. ಆದರೆ ಅವಳೇ ಸಾಕೆನ್ನುವ ತನಕ ಏಳಬೇಡ.