ಗಂಧ ಮೆತ್ತಿದ ತುಳಸಿ

ತುಳಸಿಯ ಕಷಾಯವನ್ನು ಸತುವಿನ ಲವಣದ ದ್ರಾವಣಕ್ಕೆ ಬೆರೆಸಿ, ಕಾಯಿಸಿ, ಒಣಗಿಸಿ, ಸುಟ್ಟರೆ ಕೊನೆಗೆ ಒಂದು ಚಿಟಿಕೆ ಬಿಳಿ ಪುಡಿ ಉಳಿಯುತ್ತದೆ. ಸತುವಿನ ಆಕ್ಸೈಡಿನ ನ್ಯಾನೊ ಕಣಗಳು. ಅವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಎಷ್ಟು ಸಾಯುತ್ತವೆ ಎಂದು ನೋಡುವುದೇ ನನ್ನ ಪಿಎಚ್.ಡಿ. ವರ್ಷಗಳಿಂದ ಇದೇ ಪಾಡು. ಮದುವೆ ಮನೆಯಲ್ಲಿ ಯಾರಾದರೂ "ಇನ್ನೂ ಓದ್ತಾನೇ ಇದೀಯಾ?" ಅಂದರೆ ಮೈಯೆಲ್ಲ ಉರಿಯುತ್ತದೆ.

ತುಳಸಿ ತಮಿಳು ನೆಲದಲ್ಲಿರುವ ನಮ್ಮ ತಾಂಬರಂ ಮನೆಯ ತಾರಸಿಯದು. ಬೆಳಿಗ್ಗೆ ಅಮ್ಮ ಕಿತ್ತು ಕವರಿಗೆ ಹಾಕಿಕೊಡುತ್ತಿದ್ದಳು, ನಾನು ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತುಕೊಂಡೇ ಲ್ಯಾಬಿಗೆ ಒಯ್ಯುತ್ತಿದ್ದೆ. ಅಮ್ಮನ ಎದೆಯಲ್ಲೇ ಕ್ಯಾನ್ಸರ್ ಗಂಟು ಕಾಣಿಸಿಕೊಂಡ ಮೇಲೂ ಅವಳು ಆ ಕೆಲಸ ಬಿಡಲಿಲ್ಲ. ಮೊದಲ ಕೀಮೋಗೇ ಹೈರಾಣಾಗಿ, "ಪೋದುಂ, ಸಾಕು. ಮುಂದಿನದಕ್ಕೆ ನಾ ಬರಲ್ಲ. ನಿನ್ನ ಪುಡಿ ಬಂದ್ಬಿಡ್ಲಿ, ಅದನ್ನೇ ತಗೋತೀನಿ," ಅಂದಳು. ವಾದಿಸಲು ನನ್ನಲ್ಲಿ ತ್ರಾಣವಿರಲಿಲ್ಲ. ನೋಡೋಣಮ್ಮಾ ಅಂದೆ.

ಆ ವಾರ ಪುಡಿ ಕೈಕೊಟ್ಟಿತು. ಬೆಳ್ಳಗೆ ಬರಬೇಕಾದದ್ದು ಮಾಸಲಾಗಿ ಬಂತು. ಲವಣ ಬದಲಿಸಿದೆ, ನೀರು ಬದಲಿಸಿದೆ, ಮತ್ತೂ ಅದೇ ಬಣ್ಣ. ಕಡೆಗೆ ಕವರು ಬಿಚ್ಚಿ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರೆ, ಅಂಟಿಕೊಂಡ ಗಂಧ, ಅಲ್ಲಲ್ಲಿ ಕುಂಕುಮ.

ಮನೆಗೆ ಬಂದು ಕವರನ್ನು ಅಮ್ಮನ ಮುಂದಿಟ್ಟೆ.

"ಹೌದು, ದೇವರಿಗೆ ಏರ್ಸಿ ಕೊಟ್ಟೆ. ಬರೀ ಸೊಪ್ಪು ಕೊಟ್ರೆ ಮದ್ದು ನಾಟತ್ತಾ?" ಅಂದಳು.

ಕೋಪ ಬಂದರೆ ನನ್ನ ಬಾಯಿಗೆ ತಮಿಳೇ ಬರುತ್ತದೆ. "ಅದು ಮರುಂದೇ ಇಲ್ಲಮ್ಮಾ!" ಎಂದು ಕಿರುಚಿದೆ. ಹಿಂದೆಯೇ ಅಳು ಬಂತು. ಆಮೇಲೆ ಕನ್ನಡದಲ್ಲಿ ಹೇಳಿದೆ: ಅದಿನ್ನೂ ಮದ್ದಲ್ಲ, ತಟ್ಟೆಯಲ್ಲಿರುವ ಕೋಶಗಳಿಗೆ ಅಷ್ಟೆ. ಮನುಷ್ಯರಿಗೆ ಕೊಡುವ ಕಾಲ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನ ಕಾಯಿಲೆಗಂತೂ ಆಗಿಬರುವುದಿಲ್ಲ.

ಅಮ್ಮ ಸೆರಗಿನ ತುದಿ ಮಡಿಸಿದಳು. "ಹಾಗಾದ್ರೆ ಇಷ್ಟು ದಿನ ನಾ ಕಿತ್ತುಕೊಟ್ಟಿದ್ದು ಯಾರಿಗೆ?"

"ಯಾರಿಗೋ, ಯಾವತ್ತಿಗೋ," ಅಂದೆ.

ಮುಂದಿನ ಕೀಮೋ ದಿನ ಬೆಳಿಗ್ಗೆ ನಾನು ಬಾಯಿಬಿಡುವ ಮುಂಚೆಯೇ ಅವಳು ಸೀರೆ ಉಟ್ಟು ತಯಾರಾಗಿದ್ದಳು. ಮೇಜಿನ ಮೇಲೆ ಎಂದಿನಂತೆ ಕವರು. "ತೊಳೆದಿದೀನಿ. ದೇವರಿಗೆ ತೋರಿಸೂ ಇಲ್ಲ," ಎಂದಳು, ಏನೋ ಅಪಚಾರ ಮಾಡಿದವಳ ಹಾಗೆ ಮುಖ ತಿರುಗಿಸಿ.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವಳ ಮುಷ್ಟಿ ಬಿಗಿದೇ ಇತ್ತು. ಏನಮ್ಮಾ ಅದು ಎಂದು ಬಿಡಿಸಿದೆ. ಗಂಧ ಮೆತ್ತಿದ ಒಂದು ದಳ ತುಳಸಿ.

"ಇದು ನಿನ್ನ ಪುಡಿಗಲ್ಲ ಕಣೆ," ಅಂದಳು. "ಕೀಮೋಗೆ."